ಬ್ರಿಕ್ಸ್ ಇಳಿಯದೆ ಸಕ್ಕರೆ ಹೋಗುವುದು ಹೇಗೆ? ಕಾರ್ಖಾನೆಯಲ್ಲಿ 'ಇನ್ವರ್ಷನ್' ಅನ್ನುವುದರ ಅರ್ಥ ತಿಳಿಸಿ

ಮದ್ದೂರು_ಹುಡುಗ:

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಮುಗಿಸಿ ಈ ಹಂಗಾಮಿನಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿಗೆ ಟ್ರೈನಿಯಾಗಿ ಸೇರಿದ್ದೇನೆ. ಶಿಫ್ಟ್ ರಿಜಿಸ್ಟರಿನಲ್ಲಿ ಬ್ರಿಕ್ಸ್ (ರಸದಲ್ಲಿ ಕರಗಿರುವುದರ ಶೇಕಡಾವಾರು), ಪೋಲ್, ಪ್ಯೂರಿಟಿ, ಆರ್.ಎಸ್. ಅಂತ ಕಾಲಂಗಳಿವೆ. ಪ್ಯೂರಿಟಿ ಸ್ವಲ್ಪ ಇಳಿದರೆ ಸಾಕು, ಹಿರಿಯರು 'ಇನ್ವರ್ಷನ್ ಆಗಿದೆ' ಎಂದು ಬರೆದು ಸಹಿ ಹಾಕುತ್ತಾರೆ. ಆಮ್ಲ ಸೇರಿದರೆ ಸುಕ್ರೋಸ್ ಒಡೆಯುತ್ತದೆ ಅಂತ ಕಾಲೇಜಿನಲ್ಲಿ ಓದಿದ್ದು ನೆನಪಿದೆ. ಅದಕ್ಕೂ ಈ ರಿಜಿಸ್ಟರಿನ ಅಂಕಿಗಳಿಗೂ ಇರುವ ಸಂಬಂಧ ಸರಿಯಾಗಿ ಹೊಳೆಯುತ್ತಿಲ್ಲ.

ಮನೆಯಲ್ಲೂ ಇದೇ ಪ್ರಶ್ನೆ ಎದ್ದಿದೆ. ಅಪ್ಪ ಕಬ್ಬು ಬೆಳೆಯುತ್ತಾರೆ. ಅವರ ಹತ್ತಿರ ಕೈಯಲ್ಲಿ ಹಿಡಿದು ನೋಡುವ ರಿಫ್ರ್ಯಾಕ್ಟೋಮೀಟರ್ ಇದೆ. ನಿಂತ ಕಬ್ಬಿನಲ್ಲಿ ಬ್ರಿಕ್ಸ್ 20 ತೋರಿಸಿತ್ತು. ಲಾರಿ ಸಿಗದೆ ಕಡಿದ ಕಬ್ಬು ಬದುವಿನ ಮೇಲೆ ಬಿಸಿಲಲ್ಲಿ ಬಿದ್ದಿತ್ತು, ಆಮೇಲೆ ನೋಡಿದರೆ 22. 'ಸಕ್ಕರೆ ಜಾಸ್ತಿನೇ ಆಗದಲ್ಲಪ್ಪ, ಮತ್ತೆ ಫ್ಯಾಕ್ಟ್ರಿಯೋರು ಒಣಗಿದ ಕಬ್ಬಲ್ಲಿ ಸಕ್ಕರೆ ಹೋಗ್ಬುಟ್ಟದೆ ಅಂತ ಯಾಕಂತಾರೆ?' ಅನ್ನುತ್ತಾರೆ. ಉತ್ತರ ಕೊಡಲು ಆಗಲಿಲ್ಲ. ಬಲ್ಲವರು ಬಿಡಿಸಿ ಹೇಳಿದರೆ ಅಪ್ಪನಿಗೂ ಓದಿ ಹೇಳುತ್ತೇನೆ.

ಪ್ಯಾನ್_ಫ್ಲೋರ್:

ತಮ್ಮಾ, ನಿಮ್ಮ ತಂದೆಯವರು ನೋಡಿದ ಅಂಕಿ ಖರೆ. ಕಾರ್ಖಾನೆಯವರು ಹೇಳಿದ್ದೂ ಖರೆ. ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳಲ್ಲಿ ಲ್ಯಾಬಿನಿಂದ ಹಿಡಿದು ಪ್ಯಾನ್ ತನಕ ಕೆಲಸ ಮಾಡಿ ನಿವೃತ್ತನಾದವನು ನಾನು. ಹೊಸದಾಗಿ ಬಂದ ಹುಡುಗರಿಗೆ ಇದನ್ನೇ ಮೊದಲು ತಿಳಿಸಬೇಕು ಎಂಬುದು ನನ್ನ ನಂಬಿಕೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಾವು ಚೀಲಕ್ಕೆ ತುಂಬುವ ಸಕ್ಕರೆ ಅಂದರೆ ಸುಕ್ರೋಸ್. ಅದರ ಒಂದು ಅಣುವಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಕೂಡಿಕೊಂಡಿವೆ. ಆಮ್ಲ ಅಥವಾ ಇನ್ವರ್ಟೇಸ್ ಎಂಬ ಕಿಣ್ವ ಸಿಕ್ಕರೆ ಆ ಬೆಸುಗೆ ಬಿಚ್ಚುತ್ತದೆ, ನಡುವೆ ಒಂದು ನೀರಿನ ಅಣು ಸೇರಿಕೊಳ್ಳುತ್ತದೆ. 342 ಗ್ರಾಂ ಸುಕ್ರೋಸ್ 18 ಗ್ರಾಂ ನೀರನ್ನು ನುಂಗಿ 180 ಗ್ರಾಂ ಗ್ಲೂಕೋಸ್, 180 ಗ್ರಾಂ ಫ್ರಕ್ಟೋಸ್ ಆಗುತ್ತದೆ. ಇದೇ ಇನ್ವರ್ಷನ್. ಹೀಗೆ ಹುಟ್ಟಿದ ಮಿಶ್ರಣಕ್ಕೆ ಇನ್ವರ್ಟ್ ಶುಗರ್ ಅನ್ನುತ್ತಾರೆ. ನಿಮ್ಮ ರಿಜಿಸ್ಟರಿನ ಆರ್.ಎಸ್. ಕಾಲಂ, ಅಂದರೆ ರೆಡ್ಯೂಸಿಂಗ್ ಶುಗರ್ಸ್, ಬಹುಪಾಲು ಅಳೆಯುವುದು ಇದನ್ನೇ.

ತೂಕದ ಲೆಕ್ಕ ಗಮನಿಸಿ. 342 ಇದ್ದದ್ದು 360 ಆಯಿತು. ನೀರಲ್ಲಿ ಕರಗಿದ ಪದಾರ್ಥ ಕಡಿಮೆಯಾಗಲಿಲ್ಲ, ಒಂದಿಷ್ಟು ಹೆಚ್ಚೇ ಆಯಿತು. ಬ್ರಿಕ್ಸ್ ಅಳೆಯುವುದು ರಸದಲ್ಲಿ ಕರಗಿರುವುದನ್ನೆಲ್ಲ ಒಟ್ಟಿಗೆ. ಅದು ಸುಕ್ರೋಸೋ, ಗ್ಲೂಕೋಸೋ, ಉಪ್ಪೋ ಎಂದು ಆ ಕೈಯಂತ್ರಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಇನ್ವರ್ಷನ್ ಎಷ್ಟೇ ಆದರೂ ಬ್ರಿಕ್ಸ್ ಇಳಿಯುವುದಿಲ್ಲ. ಮೇಲಾಗಿ ಕಡಿದ ಕಬ್ಬು ಬಿಸಿಲಿಗೆ ನೀರು ಬಿಡುತ್ತದೆ, ರಸ ಗಟ್ಟಿಯಾಗುತ್ತದೆ, ಬ್ರಿಕ್ಸ್ ಏರುತ್ತದೆ. ನಿಮ್ಮ ತಂದೆಯವರಿಗೆ 20 ಹೋಗಿ 22 ಬಂದದ್ದು ಹೀಗೆ. ನಾಲಿಗೆಗೂ ತಿಳಿಯುವುದಿಲ್ಲ, ಏಕೆಂದರೆ ಇನ್ವರ್ಟ್ ಸಕ್ಕರೆಯ ಸಿಹಿ ಕಡಿಮೆಯೇನಲ್ಲ.

ಕಾರ್ಖಾನೆಗೆ ಮಾತ್ರ ಅದು ಸಕ್ಕರೆ ಅಲ್ಲ. ಪ್ಯಾನಿನಲ್ಲಿ ಹರಳು ಕಟ್ಟುವುದು ಸುಕ್ರೋಸ್ ಮಾತ್ರ. ಗ್ಲೂಕೋಸ್, ಫ್ರಕ್ಟೋಸ್ ಎರಡೂ ಹರಳಾಗದೆ ಕೊನೆಯವರೆಗೂ ದ್ರವದಲ್ಲೇ ಉಳಿದು ಕಾಕಂಬಿಗೆ ಹೋಗುತ್ತವೆ. ಒಡೆದ ಸುಕ್ರೋಸನ್ನು ಮತ್ತೆ ಜೋಡಿಸುವ ವಿಧಾನ ಯಾವ ಕಾರ್ಖಾನೆಯಲ್ಲೂ ಇಲ್ಲ.

ಇನ್ವರ್ಷನ್ ಹಿಡಿಯಬೇಕಾದರೆ ಬ್ರಿಕ್ಸ್ ಒಂದನ್ನೇ ನೋಡಬಾರದು. ಪೋಲ್, ಅಂದರೆ ರಸ ಬೆಳಕನ್ನು ತಿರುಗಿಸುವುದನ್ನು ಅಳೆದು ಪಡೆದ ಸಕ್ಕರೆಯ ಅಂಕಿ ನೋಡಬೇಕು, ಅದನ್ನು ಬ್ರಿಕ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದ ಪ್ಯೂರಿಟಿ ನೋಡಬೇಕು, ಜೊತೆಗೆ ಆರ್.ಎಸ್. ನೋಡಬೇಕು. ಬ್ರಿಕ್ಸ್ ಅಷ್ಟೇ ಇದ್ದು ಪ್ಯೂರಿಟಿ ಇಳಿದು ಆರ್.ಎಸ್. ಏರಿದ್ದರೆ ಇನ್ವರ್ಷನ್ ಆಗಿದೆ ಎನ್ನಬಹುದು. ಪ್ಯೂರಿಟಿ ಇಳಿದು ಆರ್.ಎಸ್. ಅಲ್ಲೇ ಇದ್ದರೆ ಕಾರಣ ಬೇರೆ ಇರುತ್ತದೆ. ಮಣ್ಣು, ರವದಿ (ಒಣ ಗರಿ), ವಾಡೆ (ಹಸಿರು ತುದಿ) ಹೆಚ್ಚು ಬಂದಿರಬಹುದು. ನಿಮ್ಮ ಹಿರಿಯರು ಪ್ಯೂರಿಟಿ ಒಂದನ್ನೇ ನೋಡಿ ಷರಾ ಬರೆಯುತ್ತಿದ್ದರೆ ಅದು ಸರಿಯಾದ ಪದ್ಧತಿ ಅಲ್ಲ. ವಿನಯದಿಂದ ಕೇಳಿ, ಆದರೆ ಕೇಳದೆ ಬಿಡಬೇಡಿ.

ಮದ್ದೂರು_ಹುಡುಗ:

ತುಂಬಾ ಥ್ಯಾಂಕ್ಸ್ ಸರ್. ಬ್ರಿಕ್ಸ್ ವಿಷಯ ಅಪ್ಪನಿಗೂ ಅರ್ಥವಾಯಿತು. ಇನ್ನೊಂದು ಸಂದೇಹ. ಇದಕ್ಕೆ ಇನ್ವರ್ಷನ್ ಅಂತಲೇ ಯಾಕೆ ಹೆಸರು? ಒಡೆಯುವುದಕ್ಕೆ ಹೈಡ್ರಾಲಿಸಿಸ್ ಅನ್ನುವ ಮಾತು ಇದೆಯಲ್ಲ. ಮತ್ತೆ ಪೋಲ್ ಅಂದರೆ ಸುಕ್ರೋಸ್ ಶೇಕಡಾವಾರು ಅಂತಲೇ ತಿಳಿಯಬಹುದಾ?

ರಸಾಯನ_ಮೇಷ್ಟ್ರು:

ಇದಕ್ಕೆ ನಾನು ಉತ್ತರಿಸುತ್ತೇನೆ. ಪಿಯು ಮಕ್ಕಳಿಗೆ ಪಾಠ ಮಾಡುವಾಗ ನನಗೆ ಬಹಳ ಇಷ್ಟವಾದ ಭಾಗ ಇದು.

ಒಂದೇ ಸಮತಲದಲ್ಲಿ ಕಂಪಿಸುವಂತೆ ಮಾಡಿದ ಬೆಳಕನ್ನು ಸಕ್ಕರೆ ನೀರಿನ ಮೂಲಕ ಹಾಯಿಸಿದರೆ ಆ ಸಮತಲ ತಿರುಗುತ್ತದೆ. ದ್ರವಗಳಲ್ಲಿ ಹೀಗಾಗುತ್ತದೆ ಎಂದು 1815ರಲ್ಲಿ ಕಂಡವನು ಫ್ರಾನ್ಸಿನ ಜೀನ್ ಬಾಪ್ಟಿಸ್ಟ್ ಬಿಯೋ. ಸುಕ್ರೋಸ್ ಬಲಕ್ಕೆ ತಿರುಗಿಸುತ್ತದೆ, ಅದರ ವಿಶಿಷ್ಟ ತಿರುಗುವಿಕೆ +66.5 ಡಿಗ್ರಿ. ಗ್ಲೂಕೋಸ್ ಕೂಡ ಬಲಕ್ಕೇ, +52.7. ಫ್ರಕ್ಟೋಸ್ ಮಾತ್ರ ಎಡಕ್ಕೆ, ಅದೂ ಜೋರಾಗಿ, −92ರ ಹತ್ತಿರ. ಎರಡೂ ಸಮಪಾಲು ಬೆರೆತಾಗ ಫ್ರಕ್ಟೋಸಿನದೇ ಮೇಲುಗೈ, ಸರಾಸರಿ −20 ಡಿಗ್ರಿಯ ಆಸುಪಾಸು. ಬಲಕ್ಕೆ ತಿರುಗಿಸುತ್ತಿದ್ದ ದ್ರಾವಣಕ್ಕೆ ಆಮ್ಲ ಹಾಕಿ ಇಟ್ಟರೆ ತಿರುಗುವಿಕೆ ಮೆಲ್ಲಗೆ ಇಳಿದು, ಸೊನ್ನೆ ದಾಟಿ, ಎಡಕ್ಕೆ ಹೋಗುತ್ತದೆ. ದಿಕ್ಕು ತಲೆಕೆಳಗಾದದ್ದರಿಂದ ಆ ಹೆಸರು ಬಂತು. ಅಣು ಒಡೆಯುವ ಕ್ರಿಯೆಗೆ ಹೈಡ್ರಾಲಿಸಿಸ್ ಅನ್ನುವುದು ಸರಿಯೇ. ಇನ್ವರ್ಷನ್ ಅನ್ನುವುದು ಅದನ್ನು ಬೆಳಕಿನಲ್ಲಿ ಕಂಡ ಬಗೆಯಿಂದ ಉಳಿದ ಹೆಸರು.

ಈ ಒಂದು ಕ್ರಿಯೆಯಿಂದ ರಸಾಯನಶಾಸ್ತ್ರದ ಒಂದು ಶಾಖೆಯೇ ಚಿಗುರಿತು ಎಂದರೆ ಉತ್ಪ್ರೇಕ್ಷೆ ಅಲ್ಲ. 1850ರಲ್ಲಿ ಜರ್ಮನಿಯ ವಿಲ್ಹೆಲ್ಮಿ ಆಮ್ಲದಲ್ಲಿ ಸಕ್ಕರೆ ಒಡೆಯುವ ವೇಗವನ್ನು ಪೋಲಾರಿಮೀಟರಿನಲ್ಲಿ ಅಳೆದ. ಯಾವ ಗಳಿಗೆಯಲ್ಲಾದರೂ ಒಡೆಯುವ ವೇಗ ಉಳಿದಿರುವ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಇರುತ್ತದೆ ಎಂದು ಸಮೀಕರಣ ಬರೆದ. ಕ್ರಿಯೆಯ ವೇಗವನ್ನು ಗಣಿತಕ್ಕೆ ಇಳಿಸಿದ ಮೊದಲ ಕೆಲಸ ಎಂದು ಇದಕ್ಕೆ ಹೆಸರು. 1889ರಲ್ಲಿ ಸ್ವೀಡನ್ನಿನ ಅರೀನಿಯಸ್ ಉಷ್ಣಾಂಶ ಏರಿದಂತೆ ಕ್ರಿಯೆ ಏಕೆ ಅಷ್ಟು ವೇಗ ಪಡೆಯುತ್ತದೆ ಎಂದು ವಿವರಿಸಿದ್ದು ಕಬ್ಬಿನ ಸಕ್ಕರೆಯ ಇನ್ವರ್ಷನ್ ಕುರಿತ ಪ್ರಬಂಧದಲ್ಲೇ. 1913ರಲ್ಲಿ ಬರ್ಲಿನ್ನಿನಲ್ಲಿ ಮಿಕೇಲಿಸ್ ಮತ್ತು ಮೌಡ್ ಮೆಂಟೆನ್ ಕಿಣ್ವಗಳ ವೇಗದ ಸೂತ್ರ ಕೊಟ್ಟದ್ದು ಇನ್ವರ್ಟೇಸ್ ಮೇಲೆ ಪ್ರಯೋಗ ಮಾಡಿ. ಇಂದು ವೈದ್ಯಕೀಯ ವಿದ್ಯಾರ್ಥಿಗಳು ಓದುವ ಆ ಸೂತ್ರದ ಬೇರು ಸಕ್ಕರೆ ಪಾಕದಲ್ಲಿದೆ. ನಮ್ಮ ಪಠ್ಯಗಳು ಈ ಮೂರು ಕೆಲಸಗಳನ್ನು ಮೂರು ಬೇರೆ ಅಧ್ಯಾಯಗಳಲ್ಲಿ ಹಂಚಿಬಿಟ್ಟಿವೆ. ಮೂರೂ ಕಡೆ ಇರುವುದು ಒಂದೇ ಕ್ರಿಯೆ ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ ಎಂಬುದು ನನ್ನ ಬಹುದಿನದ ಕೊರಗು.

ಇನ್ನು ಪೋಲ್. 26 ಗ್ರಾಂ ಶುದ್ಧ ಸುಕ್ರೋಸನ್ನು 100 ಮಿಲಿ ಲೀಟರ್ ದ್ರಾವಣ ಮಾಡಿ, 200 ಮಿಲಿ ಮೀಟರ್ ಕೊಳವೆಯಲ್ಲಿ 20 ಡಿಗ್ರಿ ಉಷ್ಣಾಂಶದಲ್ಲಿ ನೋಡಿದರೆ ಬರುವುದು 100. ಇಡೀ ಮಾಪಕ ನಿಂತಿರುವುದು ಇದರ ಮೇಲೆ. ಈ ವಿಧಾನಗಳನ್ನು ನಿಗದಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಇಕುಮ್ಸಾ 1897ರಿಂದ ಇದೆ. ಆದರೆ ಯಂತ್ರ ತೋರಿಸುವುದು ಒಟ್ಟು ತಿರುಗುವಿಕೆ ಮಾತ್ರ. ರಸದಲ್ಲಿ ಸುಕ್ರೋಸ್ ಒಂದೇ ಇದ್ದರೆ ಪೋಲ್ ಮತ್ತು ಸುಕ್ರೋಸ್ ಒಂದೇ. ಇನ್ವರ್ಟ್ ಇದ್ದರೆ ಪೋಲ್ ನಿಜಕ್ಕಿಂತ ಕಡಿಮೆ ಬರುತ್ತದೆ.

ಘಟಪ್ರಭಾ_ದಂಡಿ:

ಎಲ್ಲಾರೂ ಛಲೋ ಬರ್ಯಾಕತ್ತೀರಿ. ನಾನು ರೈತ್ರಿ, ನನ್ನ ಲೆಕ್ಕ ಬ್ಯಾರೆ ಐತಿ. ಟೋಳಿ ಬಂದು ಕಬ್ಬು ಕಡದು ಹಾಕತೈತಿ. ಟ್ರ್ಯಾಕ್ಟರ್ ಬರೂದು ಮರದಿವಸ. ಕಾರ್ಖಾನಿ ಯಾರ್ಡಿಗೆ ಹ್ವಾದ ಮ್ಯಾಲೆ ಮತ್ತ ಪಾಳಿ. ಫೆಬ್ರುವರಿ, ಮಾರ್ಚ್ ಬಿಸಲಾಗ ಕಬ್ಬು ಒಣಗಿ ಕಟಗಿ ಆಗತೈತಿ. ತೂಕ ಕಡಿಮಿ ಬಂದ್ರ ಲುಕ್ಸಾನ ನನಗ. ಮುಂದ ನೀವು ಹೇಳೂ ಈ ಇನ್ವರ್ಷನ್ ಆಗಿ ರಿಕವರಿ, ಅಂದ್ರ ನೂರು ಪಾಲು ಕಬ್ಬಿಗೆ ಸಿಗೂ ಸಕ್ಕರಿ, ಬಿದ್ರ, ರೇಟ್ ಕಟ್ಟೂದೂ ರಿಕವರಿ ಮ್ಯಾಲೇನ. ಹಂಗಂದ್ರ ಒಂದ ಕಬ್ಬಿಗೆ ಎರಡ ಸಲ ನಾನ ಕಳಕೊಂಡ್ಹಂಗ ಆತಲ್ರಿ? ಪಾಳಿ ಹಚ್ಚಿ ನಿಂದ್ರಿಸಿದವ್ರು ನಾವಲ್ಲ.

ಎಷ್ಟ ತಾಸಿಗೆ ಎಷ್ಟ ಸಕ್ಕರಿ ಹೊಕ್ಕೈತಿ ಅಂತ ಯಾರರ ಲೆಕ್ಕ ಹೇಳ್ರಿ.

ಪ್ಯಾನ್_ಫ್ಲೋರ್:

ಅಣ್ಣಾರ, ನಿಮ್ಮ ಮಾತಿನಾಗ ಹುರುಳು ಐತಿ. ತಾಸಿಗೆ ಇಷ್ಟು ಎಂದು ಒಂದೇ ಅಂಕಿ ಕೊಟ್ಟರೆ ಅದು ಸುಳ್ಳಾಗುತ್ತದೆ. ತಳಿ, ಬಲಿತ ಮಟ್ಟ, ಬಿಸಿಲು, ಕಬ್ಬು ಇಡಿಯಾಗಿದೆಯೋ ತುಂಡಾಗಿದೆಯೋ, ಎಲ್ಲದರ ಮೇಲೂ ಅದು ನಿಂತಿದೆ. ಆದರೆ ಒಂದು ಸಣ್ಣ ನಷ್ಟ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಲೆಕ್ಕ ಹಾಕಿ ತೋರಿಸಬಲ್ಲೆ.

ನೂರು ಗ್ರಾಂ ತಾಜಾ ರಸದಲ್ಲಿ ಬ್ರಿಕ್ಸ್ 20, ಪೋಲ್ 18 ಇದೆ ಅನ್ನೋಣ. ಪ್ಯೂರಿಟಿ 90. ಇದರಲ್ಲಿ ಒಂದು ಗ್ರಾಂ ಸುಕ್ರೋಸ್ ಮಾತ್ರ ಒಡೆಯಿತು. ಬಲಕ್ಕೆ ತಿರುಗಿಸುತ್ತಿದ್ದ ಒಂದು ಗ್ರಾಂ ಹೋಯಿತು, ಜೊತೆಗೆ ಎಡಕ್ಕೆ ಎಳೆಯುವ ಇನ್ವರ್ಟ್ ಬಂತು. ಹಾಗಾಗಿ ಪೋಲ್ ಒಂದಲ್ಲ, ಸುಮಾರು 1.3 ಇಳಿಯುತ್ತದೆ. 18 ಇದ್ದದ್ದು 16.7. ಬ್ರಿಕ್ಸ್ 20ರಲ್ಲೇ ಇದೆ. ಪ್ಯೂರಿಟಿ 90ರಿಂದ 83.5ಕ್ಕೆ ಬಿತ್ತು. ನಮ್ಮ ಸಂಶೋಧನಾ ಕೇಂದ್ರಗಳಲ್ಲಿ ಬಳಸುವ ವಿಂಟರ್–ಕಾರ್ಪ್ ಸೂತ್ರಕ್ಕೆ ಇದನ್ನು ಹಾಕಿ, ಸಿಗಬಹುದಾದ ಸಕ್ಕರೆಯ ಅಂದಾಜು ಬರುತ್ತದೆ. ಪೋಲ್‌ನಿಂದ ಕಲ್ಮಶದ (ಬ್ರಿಕ್ಸಿನಿಂದ ಪೋಲ್ ಕಳೆದು ಉಳಿದದ್ದು) 0.4 ಭಾಗ ಕಳೆದು 0.73ರಿಂದ ಗುಣಿಸಬೇಕು. ತಾಜಾ ಕಬ್ಬಿಗೆ 12.56 ಬರುತ್ತದೆ. ಒಂದು ಗ್ರಾಂ ಒಡೆದ ಮೇಲೆ 11.23.

ಇನ್ನು ದರ. 2025–26ರ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ದರ) 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದಕ್ಕಿಂತ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು, ಕೆಳಗೆ ಅಷ್ಟೇ ಕಡಿತ. 9.5ಕ್ಕಿಂತ ಕೆಳಗಿದ್ದರೆ ಮುಂದಿನ ಕಡಿತ ಇಲ್ಲ, 329.05 ರೂಪಾಯಿ. ಟನ್ನಿಗೆ ಹಿಡಿದರೆ 0.1 ರಿಕವರಿ ಅಂದರೆ 34.60 ರೂಪಾಯಿ, ಸಕ್ಕರೆ ಲೆಕ್ಕದಲ್ಲಿ ಒಂದು ಕಿಲೋ. ಆ ರಿಕವರಿ ಇಡೀ ಕಾರ್ಖಾನೆಯ ಸರಾಸರಿ. ತಾಜಾ ಕಬ್ಬು ತಂದವನಿಗೂ ಒಣಗಿದ ಕಬ್ಬು ತಂದವನಿಗೂ ಒಂದೇ ದರ. ಅವಸರ ಮಾಡಿ ತಂದವನಿಗೆ ತೂಕದಲ್ಲಿ ಲಾಭ ಉಂಟು, ಪ್ಯೂರಿಟಿ ಉಳಿಸಿಕೊಟ್ಟದ್ದಕ್ಕೆ ಬೇರೆ ಪೈಸೆ ಇಲ್ಲ. ಇದು ಸರಿಯಲ್ಲ ಎಂದು ನಾನು ನೌಕರಿಯಲ್ಲಿದ್ದಾಗಲೂ ಹೇಳುತ್ತಿದ್ದೆ.

ಪಾಲಿಸಬಹುದಾದ್ದು ಇಷ್ಟು. ತುದಿ ಸರಿಯಾಗಿ ಕತ್ತರಿಸಬೇಕು. ಎಳೆಯ ಗಣ್ಣುಗಳಲ್ಲಿ ಸುಕ್ರೋಸ್ ಕಡಿಮೆ, ಇನ್ವರ್ಟೇಸ್ ಹೆಚ್ಚು, ಅದು ಇಡೀ ರಸಕ್ಕೆ ಕೇಡು. ಕಡಿದ ಕಬ್ಬು ಬಿಸಿಲಲ್ಲಿ ಹರಡಿಕೊಂಡಿರಬಾರದು, ಹೊರೆ ಕಟ್ಟಿ ರವದಿ ಮುಚ್ಚಿ ನೀರು ಚಿಮುಕಿಸಿದರೆ ಒಣಗುವುದು ತಡವಾಗುತ್ತದೆ. ಕಬ್ಬಿಗೆ ಬೆಂಕಿ ಹಚ್ಚಿ ಕಡಿಯುವುದು ಟೋಳಿಗೆ ಸುಲಭ, ಆದರೆ ಸುಟ್ಟ ಕಬ್ಬು ಬೇಗ ಕೆಡುತ್ತದೆ. ಸುಟ್ಟ ಮೇಲೆ ಒಂದು ದಿನವೂ ನಿಲ್ಲಿಸಬಾರದು.

ಮೆಕೈ_ಕನ್ನಡಿಗ:

ನಾನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬಿನ ಸೀಮೆಯಲ್ಲೇ ಇದ್ದೇನೆ. ಘಟಪ್ರಭಾ ಅಣ್ಣನವರ ಪ್ರಶ್ನೆಗೆ ಇಲ್ಲಿಯ ಪದ್ಧತಿ ತಿಳಿಸಬೇಕು ಅನ್ನಿಸಿತು. ಇಲ್ಲಿ ಪ್ರತಿ ಬೆಳೆಗಾರನ ಕಬ್ಬಿನ ರಸವನ್ನು ಮೊದಲ ಗಾಣದಲ್ಲೇ ಪ್ರತ್ಯೇಕವಾಗಿ ಪರೀಕ್ಷಿಸಿ ಸಿಸಿಎಸ್ ಎಂಬ ಅಂಕಿ ಕೊಡುತ್ತಾರೆ. ಕಬ್ಬಿನಲ್ಲಿರುವ ಪೋಲ್‌ನಿಂದ ಕಲ್ಮಶದ ಅರ್ಧವನ್ನು ಕಳೆದರೆ ಅದು ಬರುತ್ತದೆ. ಹಳೆಯ ದರಸೂತ್ರದಲ್ಲಿ ಸಕ್ಕರೆ ಬೆಲೆಯನ್ನು 0.009ರಿಂದ ಗುಣಿಸಿ, ಅದನ್ನು ಸಿಸಿಎಸ್‌ನಿಂದ 4 ಕಳೆದ ಅಂಕಿಯಿಂದ ಗುಣಿಸಿ, ಮೇಲೊಂದು ಸ್ಥಿರ ಮೊತ್ತ ಸೇರಿಸುತ್ತಾರೆ. ಅಂದರೆ ಇನ್ವರ್ಷನ್ ಆದರೆ ಅದೇ ಬೆಳೆಗಾರನ ಬಿಲ್ಲಿನಲ್ಲಿ ಕಾಣುತ್ತದೆ. ತಾಜಾ ತಂದರೂ ಅವನ ಬಿಲ್ಲಿನಲ್ಲೇ ಕಾಣುತ್ತದೆ.

ಆದರೆ ಇದನ್ನು ಹಾಗೇ ನಮ್ಮ ಕಡೆಗೆ ತರಬಹುದು ಎಂದು ನಾನು ಹೇಳುವುದಿಲ್ಲ. ಇಲ್ಲಿ ಯಂತ್ರ ಕಬ್ಬನ್ನು ತುಂಡುತುಂಡಾಗಿ ಕಡಿಯುತ್ತದೆ. ತುಂಡು ಹೆಚ್ಚಾದಷ್ಟೂ ಕತ್ತರಿಸಿದ ಬಾಯಿ ಹೆಚ್ಚು, ಕೆಡುವುದೂ ಬೇಗ. ಅದಕ್ಕೇ ಸಣ್ಣ ಗೇಜಿನ ಕಬ್ಬಿನ ರೈಲುಗಳು ಗದ್ದೆಯ ಬದಿಗೇ ಬಂದು ಹಗಲು ರಾತ್ರಿ ಸಾಗಿಸುತ್ತವೆ. ಒಬ್ಬೊಬ್ಬರ ಹಿಡುವಳಿಯೂ ದೊಡ್ಡದು. ಎರಡು ಎಕರೆಯವನ ಒಂದು ಟ್ರೇಲರ್ ಕಬ್ಬಿಗೆ ಪ್ರತ್ಯೇಕ ಪರೀಕ್ಷೆ ಮಾಡುವುದು ಬೇರೆಯೇ ಮಟ್ಟದ ಕೆಲಸ.

ಘಟಪ್ರಭಾ_ದಂಡಿ:

ಪರೀಕ್ಷಾ ಆಗಲಿಲ್ಲಂದ್ರ ಬ್ಯಾಡ್ರಿ. ಚೀಟಿ ಮ್ಯಾಲೆ ಕಡದ ದಿನಾ, ಕಡದ ತಾಸು ಬರೀಲಿ. ತೂಕದ ಕಾಟಾದಾಗ ಮುಟ್ಟಿದ ತಾಸು ಹೆಂಗೂ ಕಂಪ್ಯೂಟರ್‌ದಾಗ ಬರತೈತಿ. ಎರಡೂ ಇದ್ರ ಯಾರ ಕಡಿಂದ ತಡ ಆತು ಅನ್ನೂದು ಕಾಗದದ ಮ್ಯಾಲೆ ಇರತೈತಿ. ಇದಕ್ಕ ರೊಕ್ಕನೂ ಹತ್ತೂದಿಲ್ಲ.

ಪ್ಯಾನ್_ಫ್ಲೋರ್:

ಇದು ಆಗಬೇಕಾದ ಕೆಲಸ. ನನ್ನ ಪೂರ್ಣ ಸಹಮತ.

ಸಿರಸಿ_ಆಲೆಮನೆ:

ನೀವೆಲ್ಲ ಇನ್ವರ್ಟ್ ಅಂದರೆ ನಷ್ಟ ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಕಡೆ ಬಂದು ನೋಡಿ, ಅದೇ ನಮಗೆ ಬೇಕಾದದ್ದು. ಸಿರಸಿ, ಸಿದ್ದಾಪುರ, ಸಾಗರದ ಕಡೆಯ ಜೋನಿ ಬೆಲ್ಲ ಡಬ್ಬದಲ್ಲಿ ಹರಳುಗಟ್ಟದೆ ಜೇನಿನ ಹಾಗೆ ಹರಿಯುತ್ತಿರಬೇಕು. ದೋಸೆಗೆ, ತೊಡದೇವಿಗೆ ಅದು ಹಾಗೇ ಇದ್ದರೇ ಚೆಂದ. ಅಚ್ಚು ಬೆಲ್ಲಕ್ಕೆ ಕೊಪ್ಪರಿಗೆಯ ಪಾಕ 118 ಡಿಗ್ರಿಯ ಹತ್ತಿರ ಬರಬೇಕು, ಜೋನಿಗೆ 105–106ರಲ್ಲೇ ಇಳಿಸುತ್ತೇವೆ. ನೀರಿನಂಶ ಉಳಿಯುವುದು ಒಂದು ಕಾರಣ. ರಸದಲ್ಲಿ ಇನ್ವರ್ಟ್ ತಕ್ಕಷ್ಟು ಇರುವುದು ಇನ್ನೊಂದು ಕಾರಣ. ಇನ್ವರ್ಟ್ ಇದ್ದರೆ ಸುಕ್ರೋಸಿಗೆ ಹರಳು ಕಟ್ಟುವುದು ಕಷ್ಟ. ತೀರಾ ಬಲಿತ, ಒಳ್ಳೆಯ ಪ್ಯೂರಿಟಿಯ ಕಬ್ಬಾದರೆ ಜೋನಿ ಡಬ್ಬದ ತಳದಲ್ಲಿ ಹರಳು ಕೂರುತ್ತದೆ, ಹಳಬರು ಇದನ್ನು ಮೊದಲಿನಿಂದ ಬಲ್ಲರು.

ಅಚ್ಚು ಬೆಲ್ಲದ ಕಥೆ ಇದಕ್ಕೆ ವಿರುದ್ಧ. ಮಂಡ್ಯದ ಕಡೆಯವರಿಗೆ ಗೊತ್ತಿರುತ್ತದೆ, ಕಡಿದು ತಡವಾದ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ಸರಿಯಾಗಿ ಕೂರುವುದಿಲ್ಲ, ಅಂಟಂಟು. ಮಳೆಗಾಲದಲ್ಲಿ ಬೆವರುತ್ತದೆ. ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ ಎಂಬುದು ಅದರ ಹಿಂದಿನ ಕಾರಣ. ರಸಕ್ಕೆ ಸುಣ್ಣದ ತಿಳಿ ಹಾಕುವುದು ಬರೀ ಕೊಳೆ ತೆಗೆಯಲಿಕ್ಕಲ್ಲ, ಹುಳಿ ಮುರಿದು ಇನ್ವರ್ಷನ್ ತಡೆಯಲಿಕ್ಕೂ ಹೌದು.

ಅಡುಗೆ_ಮತ್ತು_ವಿಜ್ಞಾನ:

ಹಾಗಾದರೆ ಜಾಮೂನಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದೂ ಇದೇ ಅಲ್ಲವೇ? ಅಮ್ಮ 'ಪಾಕ ಸಕ್ಕರೆಗಟ್ಟಬಾರದು' ಅಂತ ಹಿಂಡುತ್ತಿದ್ದರು. ಬಿಸಿ ಪಾಕದಲ್ಲಿ ಹುಳಿ ಸೇರಿ ಒಂದಿಷ್ಟು ಸುಕ್ರೋಸ್ ಒಡೆಯುತ್ತದೆ, ಉಳಿದದ್ದು ಹರಳಾಗದೆ ನಿಲ್ಲುತ್ತದೆ. ಹಣ್ಣಿನ ಜಾಮ್ ತಿಂಗಳುಗಟ್ಟಲೆ ಹರಳಾಗದೆ ಇರುವುದಕ್ಕೂ ಹಣ್ಣಿನ ಹುಳಿಯೇ ಕಾರಣ ಇರಬೇಕು.

ರಸಾಯನ_ಮೇಷ್ಟ್ರು:

ಹೌದು ಮೇಡಂ, ಎರಡೂ ಅದೇ. ಜೇನುನೊಣ ಹೂವಿನ ಮಕರಂದವನ್ನು ಜೇನು ಮಾಡುವಾಗಲೂ ಇನ್ವರ್ಟೇಸ್ ಬಳಸುತ್ತದೆ. ಜೇನಿಗೆ ಇನ್ವರ್ಟ್ ಸಿರಪ್ ಬೆರೆಸಿ ಮೋಸ ಮಾಡುವವರನ್ನು ಹಿಡಿಯುವುದು ಕಷ್ಟವಾಗಿರುವುದೂ ಇದಕ್ಕೇ. ಎರಡರಲ್ಲೂ ಇರುವುದು ಬಹುಪಾಲು ಗ್ಲೂಕೋಸ್, ಫ್ರಕ್ಟೋಸ್.

ಶುಗರ್‌ಟೆಕ್_ವಿದ್ಯಾರ್ಥಿನಿ:

ನಾನು ಸಕ್ಕರೆ ತಂತ್ರಜ್ಞಾನ ಓದುತ್ತಿದ್ದೇನೆ. ಪ್ಯಾನ್_ಫ್ಲೋರ್ ಸರ್ ಅವರ ಲೆಕ್ಕದ ಬಗ್ಗೆ ಒಂದು ತಕರಾರು ಇದೆ, ತಪ್ಪು ತಿಳಿಯಬೇಡಿ. ಒಂದು ಗ್ರಾಂ ಒಡೆದರೆ ರಸದಲ್ಲಿ ನಿಜವಾದ ಸುಕ್ರೋಸ್ 17 ಉಳಿದಿದೆ. ನೀವು ಸೂತ್ರಕ್ಕೆ ಹಾಕಿದ್ದು ಪೋಲ್ 16.7. ಅಲ್ಲಿಗೇ ನಷ್ಟ ಹೆಚ್ಚಾಗಿ ಕಾಣುತ್ತದೆ. ಜೊತೆಗೆ ಆ ಸೂತ್ರ ಎಲ್ಲ ಕಲ್ಮಶವನ್ನೂ ಒಂದೇ ಎಂದು ನೋಡುತ್ತದೆ. ಪೊಟ್ಯಾಸಿಯಂ ಮುಂತಾದ ಲವಣಗಳು ಸುಕ್ರೋಸನ್ನು ಕಾಕಂಬಿಯಲ್ಲಿ ಹಿಡಿದಿಡುತ್ತವೆ, ಇನ್ವರ್ಟ್ ಹಾಗಲ್ಲ. ಬೂದಿಗೆ (ಲವಣಾಂಶಕ್ಕೆ) ಹೋಲಿಸಿದರೆ ಆರ್.ಎಸ್. ಹೆಚ್ಚಿದ್ದಾಗ ಕಾಕಂಬಿಯ ಪ್ಯೂರಿಟಿ ಇನ್ನೂ ಕೆಳಗೆ ಇಳಿಸಬಹುದು ಎಂದು ನಮಗೆ ಕಲಿಸುತ್ತಾರೆ.

ಎರಡನೆಯದು. ಹಳಸಿದ ಕಬ್ಬಿನಲ್ಲಿ ಆಗುವುದೆಲ್ಲ ಇನ್ವರ್ಷನ್ ಅಲ್ಲ. ಕತ್ತರಿಸಿದ ಬಾಯಿಯಿಂದ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕು ಸುಕ್ರೋಸನ್ನು ತಿಂದು ಡೆಕ್ಸ್ಟ್ರಾನ್ ಎಂಬ ಲೋಳೆ ಮಾಡುತ್ತದೆ. ಗ್ಲೂಕೋಸ್ ಭಾಗ ಸರಪಳಿಯಾಗಿ ಡೆಕ್ಸ್ಟ್ರಾನಿಗೆ ಹೋಗುತ್ತದೆ, ಫ್ರಕ್ಟೋಸ್ ಹೊರಗೆ ಉಳಿಯುತ್ತದೆ. ಡೆಕ್ಸ್ಟ್ರಾನ್ ಬೆಳಕನ್ನು ಬಲಕ್ಕೆ ತಿರುಗಿಸುವ ಬಲ ಸುಕ್ರೋಸಿನ ಸುಮಾರು ಮೂರುಪಟ್ಟು. ಆಗ ಪೋಲ್ ಸುಳ್ಳಾಗಿ ಮೇಲೇರುತ್ತದೆ. ಸಕ್ಕರೆ ಹೋಗಿರುತ್ತದೆ, ಪೋಲ್ ಚೆನ್ನಾಗಿ ಕಾಣುತ್ತದೆ. ರಸ ಸೋಸುವುದು ನಿಧಾನ, ಪ್ಯಾನಿನಲ್ಲಿ ಹರಳು ಉದ್ದುದ್ದ ಸೂಜಿಯಂತೆ ಬೆಳೆಯುತ್ತದೆ.

ಪ್ಯಾನ್_ಫ್ಲೋರ್:

ತಂಗಿ, ಎರಡೂ ಮಾತು ಸರಿಯಾಗಿವೆ. ಹೀಗೆ ಕೇಳುವವರು ಲ್ಯಾಬಿಗೆ ಬರಬೇಕು. ನಾನು ಕೊಟ್ಟದ್ದು ಪೋಲ್ ಆಧಾರದ ಲೆಕ್ಕ, ಕಾರ್ಖಾನೆಯ ದಿನದ ವರದಿ ಹೊರಡುವುದೂ ಅದರ ಮೇಲೆಯೇ. ನಿಜವಾದ ಸುಕ್ರೋಸ್ ಬೇಕಾದರೆ ಕ್ಲೆರ್ಜೆ ವಿಧಾನ ಇದೆ. ಮೊದಲು ಹಾಗೇ ಪೋಲ್ ನೋಡಿ, ಆಮೇಲೆ ಆಮ್ಲ ಹಾಕಿ ಇರುವ ಸುಕ್ರೋಸನ್ನೆಲ್ಲ ಬೇಕೆಂದೇ ಇನ್ವರ್ಟ್ ಮಾಡಿ ಮತ್ತೆ ನೋಡಬೇಕು. ಶುದ್ಧ ಸುಕ್ರೋಸಾದರೆ 100 ಇದ್ದದ್ದು 20 ಡಿಗ್ರಿ ಉಷ್ಣಾಂಶದಲ್ಲಿ −32ರ ಹತ್ತಿರ ಬರುತ್ತದೆ, ವ್ಯತ್ಯಾಸ 132ಕ್ಕಿಂತ ತುಸು ಹೆಚ್ಚು. ಬೇರೆ ಪದಾರ್ಥಗಳ ತಿರುಗುವಿಕೆ ಎರಡೂ ಸಲ ಹೆಚ್ಚುಕಡಿಮೆ ಒಂದೇ ಇರುವುದರಿಂದ ವ್ಯತ್ಯಾಸದಲ್ಲಿ ಅದು ಹೊಡೆದುಹೋಗುತ್ತದೆ. ಯಾವ ಕ್ರಿಯೆ ಸಕ್ಕರೆ ಕಳೆಯುತ್ತದೋ ಅದನ್ನೇ ಬಳಸಿ ಸಕ್ಕರೆ ಅಳೆಯುವ ಈ ಜಾಣ್ಮೆ ನನಗೆ ಇಂದಿಗೂ ಸೋಜಿಗ.

ಆದರೆ ಇನ್ವರ್ಟ್ ಇದ್ದರೆ ಕಾಕಂಬಿ ಚೆನ್ನಾಗಿ ಖಾಲಿಯಾಗುತ್ತದೆ ಎಂಬ ಮಾತನ್ನು ಯಾರೂ ಸಮಾಧಾನಕ್ಕೆ ಬಳಸಬಾರದು. ಗಿಡದಲ್ಲೇ ಇದ್ದ ಆರ್.ಎಸ್. ಬೇರೆ. ನಮ್ಮ ಅಲಕ್ಷ್ಯದಿಂದ ಸುಕ್ರೋಸ್ ಒಡೆದು ಹುಟ್ಟಿದ ಆರ್.ಎಸ್. ಬೇರೆ. ಎರಡನೆಯದರಲ್ಲಿ ಕಳೆದದ್ದು ಬಹಳ, ಮರಳಿ ಸಿಗುವುದು ಚೂರು.

ಮದ್ದೂರು_ಹುಡುಗ:

ಸರ್, ಕಬ್ಬು ಗಾಣಕ್ಕೆ ಬಂದ ಮೇಲೆ, ಕಾರ್ಖಾನೆಯ ಒಳಗೆ ಎಲ್ಲೆಲ್ಲಿ ಇನ್ವರ್ಷನ್ ಆಗುತ್ತದೆ? ನಾವು ಎಲ್ಲಿ ಕಣ್ಣಿಡಬೇಕು?

ಪ್ಯಾನ್_ಫ್ಲೋರ್:

ಎರಡನ್ನು ನೆನಪಿಡು. ಪಿಎಚ್ ಒಂದು ಅಂಕಿ ಇಳಿದರೆ ಒಡೆಯುವ ವೇಗ ಹತ್ತುಪಟ್ಟು. ಬಿಸಿ ರಸದಲ್ಲಿ ಉಷ್ಣಾಂಶ 10 ಡಿಗ್ರಿ ಏರಿದರೆ ಹತ್ತಿರಹತ್ತಿರ ಮೂರುಪಟ್ಟು. ಹುಳಿ ಮತ್ತು ಬಿಸಿ ಎರಡೂ ಒಟ್ಟಿಗೆ, ಬಹಳ ಹೊತ್ತು ಇರುವ ಜಾಗವೇ ಅಪಾಯದ ಜಾಗ.

ಗಾಣದ ರಸದ ಪಿಎಚ್ 5ರಿಂದ 5.5. ಅದು ತಣ್ಣಗಿರುವಾಗ ಆಮ್ಲದ ಕೆಲಸ ನಿಧಾನ, ಅಲ್ಲಿ ಶತ್ರು ಸೂಕ್ಷ್ಮಾಣು. ಗಾಣದ ತೊಟ್ಟಿ, ಕಾಲುವೆಗಳಲ್ಲಿ ಲೋಳೆ ಕಟ್ಟದಂತೆ ಬಿಸಿನೀರು, ಹಬೆಯಿಂದ ತೊಳೆಯುತ್ತಿರಬೇಕು. ಗಾಣ ನಿಂತಾಗ ರಸ ನಿಲ್ಲಿಸಬಾರದು. ಆಮೇಲೆ ಸುಣ್ಣದ ಹಾಲು, ಗಂಧಕದ ಹೊಗೆ ಕೊಟ್ಟು ಪಿಎಚ್ 7ರ ಹತ್ತಿರ ತರುತ್ತೇವೆ. ಗಂಧಕ ಮುಂದಾಗಿ ಸುಣ್ಣ ಹಿಂದೆ ಬಿದ್ದರೆ ಬಿಸಿ ರಸ ಕೆಲವೇ ನಿಮಿಷದಲ್ಲಿ ಸಕ್ಕರೆ ಕಳೆದುಕೊಳ್ಳುತ್ತದೆ. ಸುಣ್ಣ ವಿಪರೀತವಾದರೂ ಕೇಡೇ. ಗ್ಲೂಕೋಸ್, ಫ್ರಕ್ಟೋಸ್ ಸುಣ್ಣಕ್ಕೆ ಸಿಕ್ಕಿ ಒಡೆದು ಆಮ್ಲಗಳೂ ಕಂದು ಬಣ್ಣವೂ ಹುಟ್ಟುತ್ತವೆ. ತಿಳಿರಸದ ಟ್ಯಾಂಕಿನಲ್ಲಿ ರಸ ಬಿಸಿಯಾಗಿಯೇ ತಾಸುಗಟ್ಟಲೆ ಇರುತ್ತದೆ, ಕಾರ್ಖಾನೆ ನಿಂತ ದಿನ ಅದರ ಪಿಎಚ್ ತಪ್ಪದೆ ನೋಡು. ಇವಾಪೊರೇಟರಿನ ಮೊದಲ ಪಾತ್ರೆಯಲ್ಲಿ ಬಿಸಿ ಬಹಳ. ಕೊನೆಗೆ ಸಿರಪ್‌ಗೆ ಮತ್ತೆ ಗಂಧಕ ಕೊಡುವಾಗ ಪಿಎಚ್ 5ರ ಆಸುಪಾಸಿಗೆ ಇಳಿಯುತ್ತದೆ. ಪ್ಯಾನಿನಲ್ಲಿ ವ್ಯಾಕ್ಯೂಮ್ ಚೆನ್ನಾಗಿದ್ದು 65–70 ಡಿಗ್ರಿಯಲ್ಲಿ ಕುದ್ದರೆ ಬದುಕಿಕೊಳ್ಳುತ್ತದೆ. ವ್ಯಾಕ್ಯೂಮ್ ಬಿದ್ದು ಸಿರಪ್ ಕಾಯ್ದು ಕುಳಿತರೆ ಅಲ್ಲಿ ನಷ್ಟ.

ಪತ್ತೆ ಮಾಡಲು ನೂರು ಭಾಗ ಪೋಲ್‌ಗೆ ಎಷ್ಟು ಆರ್.ಎಸ್. ಇದೆ ಎಂಬ ಅಂಕಿಯನ್ನು ಮಿಶ್ರರಸಕ್ಕೂ ತಿಳಿರಸಕ್ಕೂ ಸಿರಪ್‌ಗೂ ಬರೆದು ಹೋಲಿಸು. ಮುಂದೆ ಮುಂದೆ ಏರುತ್ತಿದ್ದರೆ ಇನ್ವರ್ಷನ್. ಆದರೆ ತಿಳಿರಸದಲ್ಲಿ ಒಮ್ಮೆಲೇ ಇಳಿದರೆ ಖುಷಿಪಡಬೇಡ. ಸುಣ್ಣ ಹೆಚ್ಚಾಗಿ ಆರ್.ಎಸ್. ನಾಶವಾಗಿರಬಹುದು, ಅದರ ಮರೆಯಲ್ಲಿ ಇನ್ವರ್ಷನ್ ಅಡಗಿರಬಹುದು. ಪಿಎಚ್ ಚಾರ್ಟನ್ನೂ ರಸದ ಬಣ್ಣವನ್ನೂ ಜೊತೆಗಿಟ್ಟು ಓದು.

ಮದ್ದೂರು_ಹುಡುಗ:

ನಮ್ಮಲ್ಲಿ ಗಂಟೆಗೊಮ್ಮೆ ತೆಗೆದ ಮಿಶ್ರರಸವನ್ನು ಒಂದೇ ಬಾಟಲಿಗೆ ಸೇರಿಸಿಟ್ಟು, ಶಿಫ್ಟ್ ಮುಗಿಯುವಾಗ ಆರ್.ಎಸ್. ಟೈಟ್ರೇಷನ್ ಮಾಡುತ್ತಾರೆ. ಬಾಟಲಿ ಕಿಟಕಿಯ ಪಕ್ಕ ಇರುತ್ತದೆ. ಮಧ್ಯಾಹ್ನದ ಶಿಫ್ಟಿನಲ್ಲಿ ಆರ್.ಎಸ್. ಯಾವಾಗಲೂ ಹೆಚ್ಚು ಬರುತ್ತಿದೆ. ಕಬ್ಬು ಅದೇ, ಗಾಣ ಅದೇ.

ಶುಗರ್‌ಟೆಕ್_ವಿದ್ಯಾರ್ಥಿನಿ:

ಬಾಟಲಿಯ ಒಳಗೇ ಇನ್ವರ್ಷನ್ ಆಗುತ್ತಿರಬಹುದಲ್ಲ? ಹಸಿ ರಸ, ಕಿಣ್ವ, ಸೂಕ್ಷ್ಮಾಣು, ಬಿಸಿಲು, ಎಲ್ಲ ಅಲ್ಲೇ ಇವೆ.

ಪ್ಯಾನ್_ಫ್ಲೋರ್:

ಹೌದು, ಮೊದಲು ಸಂಶಯಪಡಬೇಕಾದ್ದು ಬಾಟಲಿಯನ್ನೇ. ಗಂಟೆಗಂಟೆಯ ರಸ ಕೂಡಿಡುವ ಬಾಟಲಿ ಐಸಿನಲ್ಲಿ ಅಥವಾ ಫ್ರಿಜ್ಜಿನಲ್ಲಿ ಇರಬೇಕು, ಇಲ್ಲವೇ ಕೆಡದಂತೆ ಮರ್ಕ್ಯುರಿಕ್ ಕ್ಲೋರೈಡ್ ಹಾಕಿರಬೇಕು. ಹಳೆಯ ಲ್ಯಾಬುಗಳಲ್ಲಿ ಅದನ್ನೇ ಬಳಸುತ್ತಿದ್ದೆವು. ಅದು ಕಡು ವಿಷ, ಆದ್ದರಿಂದ ಫ್ರಿಜ್ಜೇ ಮೇಲು. ಪ್ರತಿ ಸಲ ಬಾಟಲಿ ತೊಳೆದು ಹಬೆ ಕೊಟ್ಟು ಒಣಗಿಸಿ, ಹಿಂದಿನ ಶಿಫ್ಟಿನ ತಳ ಉಳಿಯಬಾರದು. ನಾಳೆ ಒಂದೇ ರಸವನ್ನು ಎರಡು ಪಾಲು ಮಾಡಿ ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಐಸಿನಲ್ಲಿ ಇಟ್ಟು ಶಿಫ್ಟ್ ಕೊನೆಗೆ ಎರಡರ ಬ್ರಿಕ್ಸ್, ಪೋಲ್, ಆರ್.ಎಸ್. ನೋಡಿ ಇಲ್ಲೇ ಹಾಕು. ಅಂಕಿ ಬಂದ ಮೇಲೆ ನಿಮ್ಮ ಹಿರಿಯರ ಹತ್ತಿರ ಮಾತಾಡುವುದು ಸುಲಭವಾಗುತ್ತದೆ.